ಬಜೆಟ್ ಇಲ್ಲದೆ ಎರಡು ವರ್ಷ: ಉದ್ಯಮಿ ಬ್ರೂಸ್ ರೌನರ್ ಗವರ್ನರ್ ಆದಾಗ

2015ರ ಅಕ್ಟೋಬರ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ವಿಚಿತ್ರ ನಡೆಯಿತು. ಸರ್ಕಾರಿ ಲಾಟರಿಯಲ್ಲಿ 600 ಡಾಲರ್‌ಗಿಂತ ಜಾಸ್ತಿ ಗೆದ್ದವರಿಗೆ ದುಡ್ಡು ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಟಿಕೆಟ್ ಮಾರಾಟ ಮಾತ್ರ ಎಂದಿನಂತೆ ನಡೆದೇ ಇತ್ತು. ಲಾಟರಿಯಿಂದ ದುಡ್ಡೂ ಬರುತ್ತಿತ್ತು. ಆದರೆ ಅದರಲ್ಲಿ ದೊಡ್ಡ ಮೊತ್ತದ ಚೆಕ್ ಬರೆಯಲು ಶಾಸನಸಭೆಯ ಒಪ್ಪಿಗೆ ಬೇಕು, ಅಂದರೆ ಬಜೆಟ್ ಬೇಕು. ಬಜೆಟ್ ಇರಲಿಲ್ಲ. ಗೆದ್ದವರು ಕೋರ್ಟ್ ಮೆಟ್ಟಿಲು ಹತ್ತಿದರು.

ಈ ಪರಿಸ್ಥಿತಿ ಒಂದೆರಡು ತಿಂಗಳಲ್ಲಿ ಮುಗಿಯಲಿಲ್ಲ. 2015ರ ಜುಲೈ 1ರಿಂದ 2017ರ ಜುಲೈ 6ರವರೆಗೆ ಇಲಿನಾಯ್‌ಗೆ ಪೂರ್ತಿ ಬಜೆಟ್ ಅಂತ ಒಂದು ಇರಲೇ ಇಲ್ಲ. ಆಗ ಗವರ್ನರ್ ಆಗಿದ್ದವರು ಬ್ರೂಸ್ ರೌನರ್. ಮೂವತ್ತು ವರ್ಷ ಕಂಪನಿಗಳನ್ನು ಕೊಂಡು ಮಾರಿ ಶ್ರೀಮಂತರಾದವರು. ಅದಕ್ಕೆ ಮುಂಚೆ ಒಂದೇ ಒಂದು ಚುನಾವಣೆಗೂ ನಿಂತವರಲ್ಲ.

"ರಾಜಕಾರಣಿಗಳನ್ನು ಬಿಡಿ, ಒಬ್ಬ ಒಳ್ಳೆ ಬಿಸಿನೆಸ್‌ಮ್ಯಾನ್ ಕೈಗೆ ರಾಜ್ಯ ಕೊಟ್ಟು ನೋಡಿ" ಎನ್ನುವ ಮಾತು ನಮ್ಮ ಕಡೆಯೂ ಆಗಾಗ ಕೇಳಿಬರುತ್ತದೆ. ಅಮೆರಿಕದಲ್ಲಿ ಇದನ್ನು ಬೇಕಾದಷ್ಟು ಸಲ ಮಾಡಿ ನೋಡಿದ್ದಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಮಿಟ್ ರಾಮ್ನಿ, ಫ್ಲಾರಿಡಾದಲ್ಲಿ ರಿಕ್ ಸ್ಕಾಟ್, ನಾರ್ತ್ ಡಕೋಟಾದಲ್ಲಿ ಡಗ್ ಬರ್ಗಮ್. ಇವರಲ್ಲಿ ರೌನರ್ ಪ್ರಕರಣ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಯಾಕೆಂದರೆ ಅವರು ದಡ್ಡರೂ ಅಲ್ಲ, ಸೋಮಾರಿಯೂ ಅಲ್ಲ. ಯಾವ ಪಟ್ಟು ಹಿಡಿದು ವ್ಯಾಪಾರದಲ್ಲಿ ಗೆದ್ದರೋ ಅದೇ ಪಟ್ಟನ್ನು ಸರ್ಕಾರದಲ್ಲೂ ಹಾಕಿದರು. ಅಲ್ಲಿ ಅದು ಯಾಕೆ ಕೆಲಸ ಮಾಡಲಿಲ್ಲ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ದುಡ್ಡು ಬಂದದ್ದು ಎಲ್ಲಿಂದ

ರೌನರ್ ಹುಟ್ಟಿದ್ದು 1956ರ ಫೆಬ್ರವರಿಯಲ್ಲಿ, ಷಿಕಾಗೊದಲ್ಲಿ. ಬೆಳೆದದ್ದು ನಗರದ ಉತ್ತರಕ್ಕಿರುವ ಡೀರ್‌ಫೀಲ್ಡ್ ಎಂಬ ಅನುಕೂಲಸ್ಥರ ಊರಲ್ಲಿ. ಅಪ್ಪ ಮೊಟೊರೊಲಾ ಕಂಪನಿಯಲ್ಲಿ ವಕೀಲರು, ಅಮ್ಮ ನರ್ಸ್. ಆದರೆ ಚುನಾವಣಾ ಭಾಷಣಗಳಲ್ಲಿ ಅಪ್ಪನಿಗಿಂತ ಜಾಸ್ತಿ ಕಾಣಿಸಿಕೊಂಡದ್ದು ವಿಸ್ಕಾನ್ಸಿನ್‌ನಲ್ಲಿ ಹಸು ಸಾಕಿಕೊಂಡಿದ್ದ ಅಜ್ಜ. ರಾಜಕೀಯಕ್ಕೆ ಇಳಿಯುವ ಶ್ರೀಮಂತನಿಗೆ ಹಳ್ಳಿಯ ಅಜ್ಜ ಒಬ್ಬ ಇದ್ದರೆ ಎಷ್ಟು ಅನುಕೂಲ, ಅಲ್ವಾ?

ಡಾರ್ಟ್‌ಮತ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ, ಹಾರ್ವರ್ಡ್‌ನಲ್ಲಿ ಎಂಬಿಎ ಮುಗಿಸಿ, 1981ರಲ್ಲಿ ಷಿಕಾಗೊದ ಗೋಲ್ಡರ್ ಥೋಮಾ ಎಂಬ ಹೊಸ ಹಣಕಾಸು ಸಂಸ್ಥೆ ಸೇರಿದರು. ಮುಂದೆ ಅದರ ಹೆಸರು ಜಿಟಿಸಿಆರ್ ಎಂದಾಯಿತು. ಕೊನೆಯ 'ಆರ್' ಅಂದರೆ ರೌನರ್. 2012ರಲ್ಲಿ ಹೊರಬರುವಾಗ ಅವರೇ ಅದರ ಚೇರ್ಮನ್. ಆ ವರ್ಷ ಅವರ ಆದಾಯ 5 ಕೋಟಿ ಡಾಲರ್ ದಾಟಿತ್ತು.

ಈ ಸಂಸ್ಥೆ ಮಾಡುತ್ತಿದ್ದದ್ದು ಪ್ರೈವೇಟ್ ಇಕ್ವಿಟಿ ವ್ಯವಹಾರ. ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳು, ವಿಮಾ ಕಂಪನಿಗಳಿಂದ ದುಡ್ಡು ಒಟ್ಟು ಮಾಡುತ್ತಾರೆ. ಅದಕ್ಕೆ ಒಂದಿಷ್ಟು ಸಾಲವನ್ನೂ ಸೇರಿಸಿ ಕಂಪನಿಗಳನ್ನು ಕೊಳ್ಳುತ್ತಾರೆ. ಕೆಲವು ವರ್ಷ ಇಟ್ಟುಕೊಂಡು, ಖರ್ಚು ಇಳಿಸಿ, ಬೆಳೆಸಿ, ಜಾಸ್ತಿ ಬೆಲೆಗೆ ಮಾರುತ್ತಾರೆ. ಬಂದ ಲಾಭದಲ್ಲಿ ಒಂದು ಪಾಲು ತಮಗೆ, ಉಳಿದದ್ದು ದುಡ್ಡು ಹಾಕಿದವರಿಗೆ. ಜಿಟಿಸಿಆರ್‌ನವರ ಪದ್ಧತಿ ಸ್ವಲ್ಪ ಬೇರೆ. ಮೊದಲು ಗಟ್ಟಿ ಮ್ಯಾನೇಜರ್ ಒಬ್ಬರನ್ನು ಹಿಡಿಯುತ್ತಿದ್ದರು. ಆಮೇಲೆ ಅವರು ನಡೆಸಲೆಂದೇ ಒಂದೇ ಕ್ಷೇತ್ರದ ಸಣ್ಣ ಸಣ್ಣ ಕಂಪನಿಗಳನ್ನು ಕೊಂಡು ಒಟ್ಟುಗೂಡಿಸುತ್ತಿದ್ದರು. ತಮಾಷೆ ಅಂದರೆ, ಹೀಗೆ ದುಡ್ಡು ಹಾಕಿದವರಲ್ಲಿ ಇಲಿನಾಯ್‌ನ ಸರ್ಕಾರಿ ಶಿಕ್ಷಕರ ಪಿಂಚಣಿ ನಿಧಿಯೂ ಇತ್ತು. ಮುಂದೆ ಯಾರ ಯೂನಿಯನ್ ಜೊತೆ ರೌನರ್ ಜಗಳಕ್ಕೆ ಬಿದ್ದರೋ, ಅವರದೇ ನಿವೃತ್ತಿ ಹಣ.

ಈ ವ್ಯವಹಾರದಲ್ಲಿ ಅವರ ಕೈಯಲ್ಲಿ ಎರಡು ಅಸ್ತ್ರ ಇದ್ದವು. ಕೊಳ್ಳುವ ಮುಂಚೆ, ಮಾತುಕತೆ ಸರಿ ಬರದಿದ್ದರೆ ಎದ್ದು ಹೋಗಬಹುದು. ಸಂತೆಯಲ್ಲಿ "ಬೇಡ ಬಿಡಿ" ಎಂದು ನಾಲ್ಕು ಹೆಜ್ಜೆ ಹಾಕಿದರೆ ಹಿಂದಿನಿಂದ "ಬನ್ನಿ ಸಾರ್, ಕೊಡ್ತೀನಿ" ಎಂಬ ಕೂಗು ಬರುತ್ತದಲ್ಲ, ಅದೇ ಬಲ. ಕೊಂಡ ಮೇಲೆ ಇನ್ನೊಂದು ಬಲ: ಈಗ ಯಜಮಾನ ನೀವೇ, ಹೇಳಿದ್ದು ಕೇಳದ ಮ್ಯಾನೇಜರ್‌ನನ್ನು ಮನೆಗೆ ಕಳಿಸಬಹುದು.

ಗವರ್ನರ್ ಆದವರಿಗೆ ಈ ಎರಡೂ ಇರುವುದಿಲ್ಲ. ಎದ್ದು ಹೋಗಲು ಬೇರೆ ರಾಜ್ಯ ಇಲ್ಲ. ಎದುರಿಗೆ ಕೂತ ಶಾಸಕರನ್ನು ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

18 ಡಾಲರ್ ವಾಚು

ರೌನರ್ ಗೆದ್ದದ್ದು ಹೇಗೆ ಎಂದು ತಿಳಿಯಬೇಕಾದರೆ ಇಲಿನಾಯ್ ಜನರ ಸಿಟ್ಟು ಅರ್ಥವಾಗಬೇಕು. 1999ರಿಂದ 2003ರವರೆಗೆ ಗವರ್ನರ್ ಆಗಿದ್ದ ರಿಪಬ್ಲಿಕನ್ ಪಕ್ಷದ ಜಾರ್ಜ್ ರಯಾನ್ ಭ್ರಷ್ಟಾಚಾರಕ್ಕಾಗಿ ಜೈಲಿಗೆ ಹೋದರು. ಅವರ ನಂತರ ಬಂದ ಡೆಮಾಕ್ರಟ್ ರಾಡ್ ಬ್ಲಗೊಯವಿಚ್ 2009ರಲ್ಲಿ ಪದಚ್ಯುತರಾದರು. ಬರಾಕ್ ಒಬಾಮಾ ಅಧ್ಯಕ್ಷರಾಗಿ ಖಾಲಿಬಿದ್ದ ಸೆನೆಟ್ ಸೀಟನ್ನು ಮಾರಲು ಹೊರಟರು ಎಂಬ ಆರೋಪವೂ ಸೇರಿ 14 ವರ್ಷ ಶಿಕ್ಷೆಯಾಯಿತು. ಅವರ ಜಾಗಕ್ಕೆ ಬಂದ ಪ್ಯಾಟ್ ಕ್ವಿನ್ ಮೇಲೆ ಅಂಥ ಆರೋಪ ಇರಲಿಲ್ಲ. ಆದರೆ ರಾಜ್ಯದ ಖಜಾನೆ ಬರಿದಾಗಿತ್ತು. ಸರ್ಕಾರಿ ನೌಕರರಿಗೆ ಕೊಡಬೇಕಾದ ಪಿಂಚಣಿಗೂ ನಿಧಿಯಲ್ಲಿ ಇರುವ ಹಣಕ್ಕೂ ಅಂತರ ಸುಮಾರು 11 ಸಾವಿರ ಕೋಟಿ ಡಾಲರ್. ದಶಕಗಳಿಂದ ಎರಡೂ ಪಕ್ಷಗಳು ಪಿಂಚಣಿಗೆ ಕಟ್ಟಬೇಕಾದ ಕಂತನ್ನು ಸರಿಯಾಗಿ ಕಟ್ಟದೆ ಮುಂದೂಡುತ್ತಾ ಬಂದಿದ್ದವು.

ಹೀಗಿರುವಾಗ ಟಿವಿಯಲ್ಲಿ ಒಬ್ಬ ಎತ್ತರದ ಮನುಷ್ಯ ಕೂಲಿಕಾರರು ಹಾಕುವ ಕಾರ್‌ಹಾರ್ಟ್ ಜಾಕೆಟ್ ತೊಟ್ಟು ಬಂದು, ಕೈಯಲ್ಲಿದ್ದ 18 ಡಾಲರ್ ವಾಚು ತೋರಿಸಿ, ಸ್ಪ್ರಿಂಗ್‌ಫೀಲ್ಡನ್ನು ಅಲ್ಲಾಡಿಸುತ್ತೇನೆ ಎಂದರು. ಸ್ಪ್ರಿಂಗ್‌ಫೀಲ್ಡ್ ಅಲ್ಲಿನ ರಾಜಧಾನಿ. ಈ ವಾಚಿನ ಯಜಮಾನರಿಗೆ ಒಂಬತ್ತು ಮನೆಗಳಿವೆ, ಅವರು ಲಕ್ಷ ಡಾಲರ್ ಮೀರಿದ ಶುಲ್ಕದ ವೈನ್ ಕ್ಲಬ್ ಒಂದರ ಸದಸ್ಯರು ಎಂಬುದೂ ಹೊರಬಂತು. ಜನ ನಕ್ಕರು, ಆದರೆ ಓಟು ಹಾಕಿದರು. 2014ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಪಕ್ಷದ ಒಳಗಿನ ಸ್ಪರ್ಧೆಯಲ್ಲಿ ಕರ್ಕ್ ಡಿಲಾರ್ಡ್ ವಿರುದ್ಧ ಸುಮಾರು 3 ಶೇಕಡಾ ಅಂತರದಲ್ಲಿ ಗೆದ್ದರು. ನವೆಂಬರ್‌ನಲ್ಲಿ ಕ್ವಿನ್ ಅವರನ್ನು ಸೋಲಿಸಿದರು. ರಾಜ್ಯದ 102 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) 101 ರೌನರ್ ಪಾಲಾದವು. ಕ್ವಿನ್‌ಗೆ ಸಿಕ್ಕಿದ್ದು ಷಿಕಾಗೊ ಇರುವ ಕುಕ್ ಕೌಂಟಿ ಒಂದೇ.

ಪ್ರಚಾರಕ್ಕೆ ರೌನರ್ ಸ್ವಂತ ಕಿಸೆಯಿಂದ 2 ಕೋಟಿ ಡಾಲರ್‌ಗೂ ಜಾಸ್ತಿ ಸುರಿದಿದ್ದರು. ಇನ್ನೊಂದು ಜಾಣತನವನ್ನೂ ಮಾಡಿದರು. ಗರ್ಭಪಾತ, ಸಲಿಂಗ ವಿವಾಹದಂಥ ವಿಷಯಗಳಲ್ಲಿ ನನಗೆ ಯಾವ ಅಜೆಂಡಾ ಇಲ್ಲ ಎಂದು ಹೇಳಿಬಿಟ್ಟರು. ಅಮೆರಿಕದ ಕನ್ಸರ್ವೇಟಿವ್ ರಾಜಕಾರಣದಲ್ಲಿ ಎರಡು ಎಳೆ ಇವೆ. ಒಂದು ದುಡ್ಡಿನದು: ತೆರಿಗೆ ಕಡಿಮೆ ಇರಲಿ, ಸರ್ಕಾರ ಚಿಕ್ಕದಾಗಲಿ, ಯೂನಿಯನ್‌ಗಳ ಹಿಡಿತ ತಗ್ಗಲಿ. ಇನ್ನೊಂದು ಧರ್ಮ, ಕುಟುಂಬ, ಗರ್ಭಪಾತ ಇತ್ಯಾದಿಯದು. ರೌನರ್ ಮೊದಲ ಎಳೆಯನ್ನು ಬಿಗಿಯಾಗಿ ಹಿಡಿದರು, ಎರಡನೆಯದನ್ನು ಸುಮ್ನೆ ಬದಿಗಿಟ್ಟರು. ಷಿಕಾಗೊ ಸುತ್ತಮುತ್ತಲಿನ ಉಪನಗರಗಳ ಮತದಾರರಿಗೆ ಇದು ಹಿಡಿಸಿತು. ಅದರ ಲೆಕ್ಕ ಮುಂದೆ ಚುಕ್ತಾ ಆಗುವುದಿತ್ತು.

ಗವರ್ನರ್ ಅಂದರೆ ರಾಜ್ಯಪಾಲರಲ್ಲ

ಇಲ್ಲಿ ಒಂದು ನಿಮಿಷ ನಿಂತು ವ್ಯವಸ್ಥೆ ಅರ್ಥ ಮಾಡಿಕೊಳ್ಳೋಣ. ಇಲ್ಲದಿದ್ದರೆ ಮುಂದಿನದು ತಲೆಬುಡ ಗೊತ್ತಾಗುವುದಿಲ್ಲ.

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಥರ ಅಲ್ಲ. ಜನ ನೇರವಾಗಿ ಆರಿಸುವ, ಆಡಳಿತ ನಡೆಸುವ ಮುಖ್ಯಸ್ಥ. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ನಮ್ಮ ಮುಖ್ಯಮಂತ್ರಿಗೆ ವಿಧಾನಸಭೆಯಲ್ಲಿ ಬಹುಮತ ಇರಲೇಬೇಕು. ಬಜೆಟ್ ಬಿದ್ದರೆ ಸರ್ಕಾರವೂ ಬಿತ್ತು. ಏಪ್ರಿಲ್ ಒಳಗೆ ಪೂರ್ತಿ ಬಜೆಟ್ ಆಗದಿದ್ದರೆ ಲೇಖಾನುದಾನ ಪಡೆದು ಕೆಲವು ತಿಂಗಳು ತಳ್ಳುತ್ತಾರೆ. ಎರಡು ವರ್ಷ ಬಜೆಟ್ ಇಲ್ಲದೆ ಮುಖ್ಯಸ್ಥರೂ ಶಾಸಕರೂ ಕುರ್ಚಿಯಲ್ಲಿ ಕೂತಿರುವುದು ನಮ್ಮಲ್ಲಿ ಸಾಧ್ಯವೇ ಇಲ್ಲ. ಅಲ್ಲಿ ಗವರ್ನರ್‌ಗೆ ಬೇರೆ ಓಟು, ಶಾಸಕರಿಗೆ ಬೇರೆ ಓಟು. ಬಜೆಟ್ ಆಗಲಿಲ್ಲ ಎಂದು ಯಾರೂ ಯಾರನ್ನೂ ಇಳಿಸುವಂತಿಲ್ಲ.

ರೌನರ್‌ಗೆ ಎದುರಾಗಿ ಕೂತಿದ್ದವರು ಮೈಕಲ್ ಮ್ಯಾಡಿಗನ್, ಕೆಳಮನೆಯ ಸ್ಪೀಕರ್. ನಮ್ಮ ಸ್ಪೀಕರ್‌ಗಳ ಹಾಗೆ ಪಕ್ಷದಿಂದ ದೂರ ನಿಲ್ಲುವ ಹುದ್ದೆ ಅಲ್ಲ ಅದು. ಮ್ಯಾಡಿಗನ್ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರೂ ಹೌದು. 1971ರಿಂದ ಶಾಸಕ, ನಡುವೆ ಎರಡು ವರ್ಷ ಬಿಟ್ಟರೆ 1983ರಿಂದ ಸ್ಪೀಕರ್. ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವ ಶಾಸಕನಿಗೆ ಚುನಾವಣೆ ದುಡ್ಡು ಹೋಗಬೇಕು ಎಲ್ಲವೂ ಅವರ ಕೈಯಲ್ಲಿ. ಮೊಬೈಲ್ ಇಟ್ಟುಕೊಳ್ಳುತ್ತಿರಲಿಲ್ಲ, ಇಮೇಲ್ ಬಳಸುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಒಂದು ಸೇಬು ಹೆಚ್ಚಿಕೊಂಡು ತಿನ್ನುವುದು ಅವರ ರೂಢಿ ಎಂದು ಅಲ್ಲಿನ ಪತ್ರಕರ್ತರು ಬರೆದದ್ದೇ ಬರೆದದ್ದು. ಆತುರ ಎಂಬುದೇ ಗೊತ್ತಿಲ್ಲದ ಮನುಷ್ಯ. ಎಷ್ಟೋ ಗವರ್ನರ್‌ಗಳು ಬಂದು ಹೋದದ್ದನ್ನು ಕಂಡವರು. ಇಂಥವರ ಮುಂದೆ "ನಾನು ಕಾಯಬಲ್ಲೆ" ಎಂದು ಪಟ್ಟು ಹಿಡಿಯುವುದು ಎಂಥ ಲೆಕ್ಕಾಚಾರ?

ಇನ್ನು ಸಂಖ್ಯೆಗಳು. ಗವರ್ನರ್ ವೀಟೊ ಹಾಕಿದರೆ ಅದನ್ನು ಮೀರಲು ಎರಡೂ ಸದನಗಳಲ್ಲಿ ಐದರಲ್ಲಿ ಮೂರು ಪಾಲು ಮತ ಬೇಕು. 118 ಸದಸ್ಯರ ಕೆಳಮನೆಯಲ್ಲಿ ಅದು 71. ಡೆಮಾಕ್ರಟ್‌ಗಳ ಬಳಿ ಇದ್ದದ್ದು ಸರಿಯಾಗಿ 71. ಒಬ್ಬರು ಕೈಕೊಟ್ಟರೂ ಲೆಕ್ಕ ತಪ್ಪಿತು. 2015ರ ಸೆಪ್ಟೆಂಬರ್‌ನಲ್ಲಿ ಯೂನಿಯನ್‌ಗೆ ಬೇಕಾದ ಒಂದು ಮಸೂದೆಯ ಮತದಾನದ ದಿನ ಷಿಕಾಗೊದ ಡೆಮಾಕ್ರಟ್ ಶಾಸಕ ಕೆನ್ ಡಂಕಿನ್ ಬರಲೇ ಇಲ್ಲ. ವೀಟೊ ಉಳಿಯಿತು. ಮುಂದಿನ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮಾ ಸ್ಪ್ರಿಂಗ್‌ಫೀಲ್ಡ್‌ಗೆ ಬಂದು, ರಾಜಿ ಮಾಡಿಕೊಳ್ಳುವುದು ದ್ರೋಹವಲ್ಲ ಎಂದು ಮಾತಾಡುತ್ತಿದ್ದಾಗ ಡಂಕಿನ್ ಹುರುಪಿನಿಂದ ಕೂಗಿದರು. ಒಬಾಮಾ ಅಲ್ಲಿಂದಲೇ, ಡಂಕಿನ್ ಕೂತ್ಕೊಳ್ಳಿ ಎಂದರು. ಇಡೀ ಸದನ ನಕ್ಕಿತು. ಮರುತಿಂಗಳ ಪಕ್ಷದ ಚುನಾವಣೆಯಲ್ಲಿ ಒಬಾಮಾ ಬೆಂಬಲಿಸಿದ ಜೂಲಿಯಾನಾ ಸ್ಟ್ರಾಟನ್ ಅವರೆದುರು ಡಂಕಿನ್ ಸೋತೂ ಹೋದರು.

ಬಜೆಟ್ ಬೇಕೇ? ಮೊದಲು ನನ್ನ ಪಟ್ಟಿ

ರೌನರ್ ತಮ್ಮ ಬೇಡಿಕೆಗಳಿಗೆ ಟರ್ನ್‌ಅರೌಂಡ್ ಅಜೆಂಡಾ ಎಂದು ಹೆಸರಿಟ್ಟಿದ್ದರು. ನಷ್ಟದ ಕಂಪನಿಯನ್ನು ಲಾಭಕ್ಕೆ ತಿರುಗಿಸುವುದಕ್ಕೆ ಹಣಕಾಸಿನವರು ಬಳಸುವ ಪದವೇ ಅದು. ಆಸ್ತಿ ತೆರಿಗೆ ಏರಿಸದಂತೆ ತಡೆ, ಶಾಸಕರು ಇಷ್ಟೇ ವರ್ಷ ಇರಬೇಕೆಂಬ ಮಿತಿ, ಕ್ಷೇತ್ರ ವಿಂಗಡಣೆ ರಾಜಕಾರಣಿಗಳ ಕೈಯಿಂದ ಹೊರಗೆ, ಕೆಲಸದಲ್ಲಿ ಗಾಯಗೊಂಡವರ ಪರಿಹಾರ ವಿಮೆಯ ವೆಚ್ಚ ಇಳಿಕೆ. ಇವುಗಳಲ್ಲಿ ಕೆಲವು ನ್ಯಾಯವಾದ ಬೇಡಿಕೆಗಳೇ. ಇಲಿನಾಯ್‌ನ ಆಸ್ತಿ ತೆರಿಗೆ ಅಮೆರಿಕದಲ್ಲೇ ಅತಿ ಹೆಚ್ಚಿನವುಗಳಲ್ಲೊಂದು. ಮ್ಯಾಡಿಗನ್ ಅವರ ವಕೀಲಿ ಸಂಸ್ಥೆಯ ಮುಖ್ಯ ಕಸುಬೇ ದೊಡ್ಡ ಕಟ್ಟಡಗಳ ಆಸ್ತಿ ತೆರಿಗೆ ಕಡಿಮೆ ಮಾಡಿಸಿಕೊಡುವುದು ಎಂಬುದನ್ನು ರೌನರ್ ಹೋದಲ್ಲೆಲ್ಲ ಎತ್ತಿ ಆಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮುಳ್ಳು ಇದ್ದದ್ದು ಯೂನಿಯನ್ ವಿಷಯದಲ್ಲಿ. ಊರೂರು ತಮ್ಮಲ್ಲಿ ಯೂನಿಯನ್ ಶುಲ್ಕ ಕಡ್ಡಾಯವಲ್ಲ ಎಂದು ಘೋಷಿಸಿಕೊಳ್ಳಲು ಅವಕಾಶ ಕೊಡಬೇಕು ಎಂಬುದು ಅವರ ಬೇಡಿಕೆ. ಡೆಮಾಕ್ರಟಿಕ್ ಪಕ್ಷಕ್ಕೆ ಕಾರ್ಯಕರ್ತರು, ದುಡ್ಡು ಎರಡೂ ಬರುವುದು ಯೂನಿಯನ್‌ಗಳಿಂದ. ಅದನ್ನು ಒಪ್ಪು ಎನ್ನುವುದು ನಿನ್ನ ಬೇರು ನೀನೇ ಕಡಿದುಕೋ ಎಂದ ಹಾಗೆ.

ತೆರಿಗೆ ಏರಿಕೆಗೆ ನಾನು ಸಿದ್ಧ, ಆದರೆ ಮೊದಲು ಈ ಸುಧಾರಣೆಗಳು ಎಂಬುದು ರೌನರ್ ನಿಲುವು. ಬಜೆಟ್ ಮಾತ್ರ ಬಜೆಟ್, ಅದಕ್ಕೆ ಬೇರೆ ಷರತ್ತು ಬೇಡ ಎಂಬುದು ಮ್ಯಾಡಿಗನ್ ನಿಲುವು. ಈ ನಡುವೆ ಕ್ವಿನ್ ಕಾಲದಲ್ಲಿ ತಾತ್ಕಾಲಿಕವಾಗಿ ಶೇ 5ಕ್ಕೆ ಏರಿಸಿದ್ದ ಆದಾಯ ತೆರಿಗೆ 2015ರ ಜನವರಿ 1ಕ್ಕೆ ತಾನಾಗಿಯೇ ಶೇ 3.75ಕ್ಕೆ ಇಳಿದಿತ್ತು. ಅಂದರೆ ಹೊಸ ಗವರ್ನರ್ ಬರುವ ಹೊತ್ತಿಗೆ ಬೊಕ್ಕಸಕ್ಕೆ ತೂತು ಬಿದ್ದಾಗಿತ್ತು. ಮೇ ತಿಂಗಳಲ್ಲಿ ಇನ್ನೊಂದು ಪೆಟ್ಟು. ಪಿಂಚಣಿ ಕಡಿತ ಮಾಡುವ 2013ರ ಕಾನೂನನ್ನು ರಾಜ್ಯದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಒಮ್ಮೆ ಕೊಡುತ್ತೇವೆಂದ ಪಿಂಚಣಿಯನ್ನು ಇಳಿಸುವಂತಿಲ್ಲ ಎಂದು ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಖಾಸಗಿ ಕಂಪನಿಯಾದರೆ ದಿವಾಳಿ ಕೋರ್ಟ್‌ಗೆ ಹೋಗಿ ಹಳೆಯ ಬಾಧ್ಯತೆ ತಗ್ಗಿಸಿಕೊಳ್ಳಬಹುದು. ಅಮೆರಿಕದ ರಾಜ್ಯಗಳಿಗೆ ದಿವಾಳಿ ಕಾನೂನು ಅನ್ವಯಿಸುವುದೇ ಇಲ್ಲ.

2015ರ ಜೂನ್‌ನಲ್ಲಿ ಡೆಮಾಕ್ರಟ್‌ಗಳು ಆದಾಯಕ್ಕಿಂತ ಹಲವು ನೂರು ಕೋಟಿ ಡಾಲರ್ ಹೆಚ್ಚು ಖರ್ಚಿನ ಬಜೆಟ್ ಕಳಿಸಿದರು. ರೌನರ್ ಶಾಲೆಗಳ ಅನುದಾನಕ್ಕೆ ಮಾತ್ರ ಸಹಿ ಹಾಕಿ, ಉಳಿದದ್ದರಲ್ಲಿ ಹೆಚ್ಚಿನದಕ್ಕೆಲ್ಲ ವೀಟೊ ಹಾಕಿದರು. ಆಟ ಶುರುವಾಯಿತು.

ನಿಲ್ಲದ ಸರ್ಕಾರ

ರೌನರ್ ಲೆಕ್ಕ ಸರಳವಾಗಿತ್ತು. ಬಜೆಟ್ ಇಲ್ಲದಿದ್ದರೆ ಸರ್ಕಾರ ನಿಲ್ಲುತ್ತದೆ. ಜನ ರೊಚ್ಚಿಗೇಳುತ್ತಾರೆ. ಮ್ಯಾಡಿಗನ್ ಮಾತುಕತೆಗೆ ಬರುತ್ತಾರೆ. ಆದರೆ ಸರ್ಕಾರ ನಿಲ್ಲಲೇ ಇಲ್ಲ.

ಶಾಲೆಗಳಿಗೆ ದುಡ್ಡು ಸಿಕ್ಕಾಗಿತ್ತು, ಹಾಗಾಗಿ ಮಕ್ಕಳ ತಂದೆತಾಯಂದಿರು ಬೀದಿಗೆ ಬರಲಿಲ್ಲ. ನೌಕರರ ಸಂಬಳ ನಿಲ್ಲಿಸುವಂತಿಲ್ಲ ಎಂದು ಸೇಂಟ್ ಕ್ಲೇರ್ ಕೌಂಟಿಯ ನ್ಯಾಯಾಧೀಶರೊಬ್ಬರು ಆದೇಶ ಕೊಟ್ಟರು. ಬಡವರ ವೈದ್ಯಕೀಯ ವಿಮೆ, ಅನಾಥ ಮಕ್ಕಳ ಆರೈಕೆಯಂಥವು ಹಳೆಯ ಫೆಡರಲ್ ಕೋರ್ಟ್ ಒಪ್ಪಂದಗಳಡಿ ಬರುತ್ತಿದ್ದವು. ಅವಕ್ಕೂ ಹಣ ಬಿಡಲೇಬೇಕಾಯಿತು. ಸಾಲದ ಕಂತು, ಪಿಂಚಣಿ ಕಾನೂನಿನ ಪ್ರಕಾರ ತಾವಾಗಿಯೇ ಹೋಗುತ್ತಿದ್ದವು. ಹೀಗೆ ರಾಜ್ಯದ ಖರ್ಚಿನಲ್ಲಿ ಬಹುಪಾಲು ಬಜೆಟ್ ಇಲ್ಲದೆಯೇ ಸಾಗಿತು. ವರಮಾನ ಮಾತ್ರ ಕಡಿಮೆಯಾಗಿಯೇ ಉಳಿಯಿತು. ಗಾಡಿಗಳು ಓಡುತ್ತಿದ್ದವು, ಕಚೇರಿಗಳು ತೆರೆದಿದ್ದವು. ಬೀದಿಯಲ್ಲಿ ಹೋಗುವವನಿಗೆ ಏನೂ ಆಗಿದೆ ಅಂತಲೇ ಅನಿಸುತ್ತಿರಲಿಲ್ಲ.

ಹಾಗಾದರೆ ಪೆಟ್ಟು ಬಿದ್ದದ್ದು ಯಾರಿಗೆ? ಕೋರ್ಟ್ ಆದೇಶವೂ ಇಲ್ಲದ, ರಾಜಕೀಯ ಬಲವೂ ಇಲ್ಲದವರಿಗೆ. ಲೂಥರನ್ ಸೋಷಿಯಲ್ ಸರ್ವಿಸಸ್ ಎಂಬ ದೊಡ್ಡ ಸೇವಾ ಸಂಸ್ಥೆ ಅಲ್ಲಿದೆ. ವೃದ್ಧರ ಆರೈಕೆ, ವ್ಯಸನಮುಕ್ತಿ, ಮಾನಸಿಕ ಆರೋಗ್ಯದ ಕೆಲಸಗಳನ್ನು ಸರ್ಕಾರದ ಪರವಾಗಿ ಮಾಡುತ್ತದೆ. 2016ರ ಜನವರಿಯಲ್ಲಿ ಅದು 30 ಕಾರ್ಯಕ್ರಮ ಮುಚ್ಚಿ 750 ಕೆಲಸ ಕಡಿತ ಮಾಡಿತು. ಕೆಲಸ ಮಾಡಿಸಿಕೊಂಡಿದ್ದ ಸರ್ಕಾರ ಬಿಲ್ ಪಾವತಿಸಿರಲಿಲ್ಲ, ಅಷ್ಟೇ.

ಷಿಕಾಗೊ ಸ್ಟೇಟ್ ಯೂನಿವರ್ಸಿಟಿಯ ಕಥೆ ಇನ್ನೂ ಬೇಸರದ್ದು. ನಗರದ ದಕ್ಷಿಣ ಭಾಗದಲ್ಲಿರುವ, ಹೆಚ್ಚಾಗಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಓದುವ ಸರ್ಕಾರಿ ವಿಶ್ವವಿದ್ಯಾಲಯ ಅದು. 2016ರ ಫೆಬ್ರವರಿಯಲ್ಲಿ ಆರ್ಥಿಕ ತುರ್ತು ಸ್ಥಿತಿ ಘೋಷಿಸಿತು. ದುಡ್ಡು ಖಾಲಿಯಾಗುವ ಮೊದಲು ತರಗತಿ ಮುಗಿಸಬೇಕೆಂದು ವಸಂತದ ರಜೆಯನ್ನೇ ರದ್ದು ಮಾಡಿ ಏಪ್ರಿಲ್ ಕೊನೆಗೆ ಸೆಮಿಸ್ಟರ್ ಮುಗಿಸಿತು. ಅದರ ಬೆನ್ನಿಗೇ ಸುಮಾರು 300 ಮಂದಿ ಕೆಲಸ ಕಳೆದುಕೊಂಡರು.

ಗವರ್ನರ್ ಮನೆಯೊಳಗೂ ಬಿಸಿ ತಟ್ಟಿತು ಎನ್ನಬೇಕು. ಸರ್ಕಾರ ಒಪ್ಪಂದದ ಹಣ ಕೊಟ್ಟಿಲ್ಲ ಎಂದು 2016ರ ಮೇ ತಿಂಗಳಲ್ಲಿ ಹಲವು ಸಂಸ್ಥೆಗಳು ಸೇರಿ ಮೊಕದ್ದಮೆ ಹೂಡಿದವು. ಅವುಗಳಲ್ಲಿ ಪುಟ್ಟ ಮಕ್ಕಳಿಗಾಗಿ ಕೆಲಸ ಮಾಡುವ ಔನ್ಸ್ ಆಫ್ ಪ್ರಿವೆನ್ಷನ್ ಫಂಡ್ ಕೂಡ ಒಂದು. ಅದರ ಮುಖ್ಯಸ್ಥೆ ಡಯಾನಾ ರೌನರ್. ಗವರ್ನರ್ ಪತ್ನಿ!

2015ರ ಮಧ್ಯದಲ್ಲಿ ಪಾವತಿಯಾಗದ ಬಿಲ್‌ಗಳ ರಾಶಿ ಸುಮಾರು 500 ಕೋಟಿ ಡಾಲರ್ ಇತ್ತು. ಎರಡು ವರ್ಷದಲ್ಲಿ ಅದು 1,400 ಕೋಟಿ ದಾಟಿತು. ಇಲಿನಾಯ್ ಕಾನೂನಿನ ಪ್ರಕಾರ 90 ದಿನ ದಾಟಿದ ಬಿಲ್‌ಗೆ ಸರ್ಕಾರ ತಿಂಗಳಿಗೆ ಶೇ 1 ಬಡ್ಡಿ ಕೊಡಬೇಕು. ವರ್ಷಕ್ಕೆ ಶೇ 12! ಇಲ್ಲೊಂದು ಹೊಸ ವ್ಯಾಪಾರ ಹುಟ್ಟಿಕೊಂಡಿತು. ಹಣಕಾಸು ಕಂಪನಿಗಳು ಸರ್ಕಾರದ ಅನುಮತಿ ಪಡೆದು, ಸರಬರಾಜುದಾರರಿಗೆ ಬಿಲ್‌ನ ಶೇ 90 ಮುಂಗಡ ಕೊಡುತ್ತಿದ್ದವು. ಸರ್ಕಾರ ಯಾವಾಗಲೋ ಹಣ ಕೊಟ್ಟಾಗ ಉಳಿದ ಶೇ 10 ಸರಬರಾಜುದಾರರಿಗೆ, ಬಡ್ಡಿ ತಮಗೆ. ಖರ್ಚು ಕಡಿಮೆ ಮಾಡಲು ಬಂದ ಉದ್ಯಮಿಯ ಆಡಳಿತದಲ್ಲಿ, ಏನೂ ಮಾಡದೆ ಇದ್ದದ್ದಕ್ಕೆ ತೆರಿಗೆದಾರರು ತೆತ್ತ ದಂಡದ ಬಡ್ಡಿಯೇ 100 ಕೋಟಿ ಡಾಲರ್ ಮೀರಿತು. ಎರಡೂ ಕಡೆಯ ತಪ್ಪು ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಬಡ್ಡಿಯ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ರೌನರ್ ಅಲ್ಲವೇ?

ಬಿಳಿ ಪುಡಿ, 71 ಮತ

2017ರ ಜೂನ್ 1ರಂದು, ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ಸಂಸ್ಥೆಗಳು ಇಲಿನಾಯ್‌ನ ಸಾಲದ ದರ್ಜೆಯನ್ನು ಇಳಿಸಿ, 'ಕಸ' ಎನ್ನುವ ಮಟ್ಟಕ್ಕಿಂತ ಒಂದೇ ಮೆಟ್ಟಿಲು ಮೇಲೆ ತಂದು ನಿಲ್ಲಿಸಿದವು. ಅಮೆರಿಕದ ಯಾವ ರಾಜ್ಯವೂ ಅಷ್ಟು ಕೆಳಗೆ ಇಳಿದಿರಲಿಲ್ಲ. ಜುಲೈ 1ಕ್ಕೆ ರಸ್ತೆ ಕಾಮಗಾರಿಗಳನ್ನೆಲ್ಲ ನಿಲ್ಲಿಸಿ ಎಂದು ಗುತ್ತಿಗೆದಾರರಿಗೆ ಸೂಚನೆ ಹೋಯಿತು. ಈಗ ಹೆದರಿದವರು ರೌನರ್ ಪಕ್ಷದ ಶಾಸಕರೇ. ಅವರ ಊರುಗಳಲ್ಲಿ ಸರ್ಕಾರಿ ಕಾಲೇಜುಗಳಿದ್ದವು, ಕಾರಾಗೃಹಗಳಿದ್ದವು, ಬಿಲ್ ಬಾಕಿ ಇರುವ ಗುತ್ತಿಗೆದಾರರಿದ್ದರು.

ಆದಾಯ ತೆರಿಗೆಯನ್ನು ಶೇ 4.95ಕ್ಕೆ, ಕಂಪನಿ ತೆರಿಗೆಯನ್ನು ಶೇ 7ಕ್ಕೆ ಏರಿಸುವ ಮಸೂದೆ ಪಾಸಾಯಿತು. ರೌನರ್ ವೀಟೊ ಹಾಕಿದರು. ರಾಜ್ಯದ ಮೇಲ್ಮನೆಯಾದ ಸೆನೆಟ್ ಅದನ್ನು ಜುಲೈ 4ರಂದೇ ಮೀರಿತು. ಜುಲೈ 6ರಂದು ಕೆಳಮನೆ ಸೇರಬೇಕಿತ್ತು. ಆಗ ಯಾರೋ ಶಾಸನಸಭೆಯ ಕಟ್ಟಡದಲ್ಲಿ ಪುಡಿಯಂಥದ್ದೇನನ್ನೋ ಎರಚಿದರು ಎಂದು ಎರಡು ಗಂಟೆ ಬಾಗಿಲು ಹಾಕಿಬಿಟ್ಟರು. ಅಪಾಯ ಇಲ್ಲ ಎಂದು ಗೊತ್ತಾದ ಮೇಲೆ ಮತದಾನ ನಡೆಯಿತು. ಪರವಾಗಿ 71, ವಿರುದ್ಧವಾಗಿ 42. ಬೇಕಾದದ್ದು 71, ಸಿಕ್ಕಿದ್ದೂ 71. ಅದರಲ್ಲಿ 10 ಮಂದಿ ರಿಪಬ್ಲಿಕನ್ನರು.

ಎರಡು ವರ್ಷದ ಜಗಳದಿಂದ ರೌನರ್‌ಗೆ ಪಟ್ಟಿಯಲ್ಲಿದ್ದ ಒಂದು ದೊಡ್ಡ ಬೇಡಿಕೆಯೂ ದಕ್ಕಲಿಲ್ಲ, ತೆರಿಗೆಯೂ ಏರಿತು. ಅದಾದ ಮೇಲೆ ಸುಮಾರು ಶೇ 3.5 ಬಡ್ಡಿಗೆ 600 ಕೋಟಿ ಡಾಲರ್ ಬಾಂಡ್ ಸಾಲ ಎತ್ತಿ ಶೇ 12ರ ಬಾಕಿಗಳನ್ನು ತೀರಿಸಿದರು. ಡಿಸೆಂಬರ್‌ನಲ್ಲಿ ಪತ್ರಕರ್ತರ ಮುಂದೆ ರೌನರ್, ಇಲ್ಲಿ ಇನ್‌ಚಾರ್ಜ್ ನಾನಲ್ಲ, ಆಗಲು ಪ್ರಯತ್ನಿಸುತ್ತಿದ್ದೇನೆ ಎಂದುಬಿಟ್ಟರು. ಗವರ್ನರ್ ಬಾಯಿಂದ ಇಂಥ ಮಾತು ಬಂದರೆ ಎದುರಾಳಿಗಳಿಗೆ ಬೇರೆ ಜಾಹೀರಾತು ಯಾಕೆ ಬೇಕು?

ಕೆಲಸ ಆಗಲೇ ಇಲ್ಲ ಎನ್ನುವಂತಿಲ್ಲ. 2017ರ ಆಗಸ್ಟ್ 31ರಂದು ಅವರು ಸಹಿ ಹಾಕಿದ ಶಾಲಾ ಅನುದಾನದ ಕಾನೂನು ಬಡ ಊರುಗಳ ಶಾಲೆಗಳಿಗೆ ಹೆಚ್ಚು ಪಾಲು ಸಿಗುವ ಹಾಗೆ ಸೂತ್ರ ಬದಲಿಸಿತು. ಖಾಸಗಿ ಶಾಲೆಯ ವಿದ್ಯಾರ್ಥಿವೇತನಕ್ಕೆ ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿಯೂ ಅದರಲ್ಲಿ ಸೇರಿತ್ತು. ಕೊಟ್ಟು ತೆಗೆದುಕೊಂಡು ಮಾಡಿದ ರಾಜಿ ಅದು. ನಾಲ್ಕು ವರ್ಷದಲ್ಲಿ ಅವರ ಅತ್ಯಂತ ಗಟ್ಟಿ ಕೆಲಸ ಅದೇ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಎಳೆ

ಬದಿಗಿಟ್ಟ ಸಾಮಾಜಿಕ ವಿಷಯಗಳು 2017ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದವು. ಬಡವರ ಸರ್ಕಾರಿ ವಿಮೆ ಮತ್ತು ಸರ್ಕಾರಿ ನೌಕರರ ವಿಮೆಯಲ್ಲಿ ಗರ್ಭಪಾತದ ಖರ್ಚನ್ನೂ ಸೇರಿಸುವ ಮಸೂದೆ ಅವರ ಮೇಜಿಗೆ ಬಂತು. ಏಪ್ರಿಲ್‌ನಲ್ಲಿ ವೀಟೊ ಹಾಕುವುದಾಗಿ ಹೇಳಿದ್ದವರು ಈಗ ಸಹಿ ಹಾಕಿದರು. ಅದಕ್ಕೆ ಮುಂಚೆ ವಲಸಿಗರನ್ನು ಸ್ಥಳೀಯ ಪೊಲೀಸರು ಬಂಧಿಸುವುದಕ್ಕೆ ಮಿತಿ ಹಾಕುವ ಕಾನೂನಿಗೂ ಸಹಿ ಬಿದ್ದಿತ್ತು. ಪಕ್ಷದ ಕಟ್ಟಾ ಕನ್ಸರ್ವೇಟಿವ್‌ಗಳು ಕೆರಳಿದರು. ವೀಟನ್ ಊರಿನ ಶಾಸಕಿ ಜೀನ್ ಐವ್ಸ್ ಪಕ್ಷದೊಳಗೇ ಅವರ ವಿರುದ್ಧ ನಿಂತರು. ಹೆಸರೂ ಅಷ್ಟಾಗಿ ಗೊತ್ತಿಲ್ಲದ, ದುಡ್ಡೂ ಇಲ್ಲದ ಅಭ್ಯರ್ಥಿ. ಆದರೂ 2018ರ ಮಾರ್ಚ್‌ನಲ್ಲಿ ಹಾಲಿ ಗವರ್ನರ್ ಗೆದ್ದದ್ದು 3 ಶೇಕಡಾ ಅಂತರದಲ್ಲಿ.

ನವೆಂಬರ್‌ನಲ್ಲಿ ಎದುರಿಗಿದ್ದವರು ಜೆ.ಬಿ. ಪ್ರಿಟ್ಸ್ಕರ್. ಹಯಾತ್ ಹೋಟೆಲ್ ಕುಟುಂಬದ ಕುಡಿ. ದುಡ್ಡಿನಲ್ಲಿ ರೌನರ್ ಮೊದಲ ಬಾರಿಗೆ ಸಣ್ಣವರಾಗಿ ಕಂಡರು. ಪ್ರಿಟ್ಸ್ಕರ್ ಸ್ವಂತ ಹಣ 17 ಕೋಟಿ ಡಾಲರ್ ಖರ್ಚು ಮಾಡಿದರು. ತಮ್ಮ ಇನ್ನೊಂದು ಬಂಗಲೆಯಲ್ಲಿ ಶೌಚಾಲಯಗಳನ್ನೆಲ್ಲ ಕೀಳಿಸಿ, ಅದು ವಾಸಯೋಗ್ಯವಲ್ಲ ಎಂದು ತೋರಿಸಿ ಆಸ್ತಿ ತೆರಿಗೆ ಉಳಿಸಿದ್ದಾರೆ ಎಂಬ ವರದಿ ಚುನಾವಣೆಗೆ ಒಂದು ತಿಂಗಳು ಮುಂಚೆ ಬಂತು. ಅದೂ ರೌನರ್ ಅವರನ್ನು ಉಳಿಸಲಿಲ್ಲ. ಪ್ರಿಟ್ಸ್ಕರ್‌ಗೆ ಶೇ 54.5, ರೌನರ್‌ಗೆ ಶೇ 38.8.

ಕೋರ್ಟ್‌ನಲ್ಲಿ ಸಿಕ್ಕ ಗೆಲುವು

ವಿಚಿತ್ರ ನೋಡಿ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸಿಗದ ದೊಡ್ಡ ಗೆಲುವು ರೌನರ್‌ಗೆ ವಾಷಿಂಗ್ಟನ್‌ನಲ್ಲಿ ಸಿಕ್ಕಿತ್ತು. ಅಧಿಕಾರಕ್ಕೆ ಬಂದ ಮರುತಿಂಗಳೇ, 2015ರ ಫೆಬ್ರವರಿಯಲ್ಲಿ, ಯೂನಿಯನ್ ಸದಸ್ಯರಲ್ಲದ ಸರ್ಕಾರಿ ನೌಕರರ ಸಂಬಳದಿಂದ ಯೂನಿಯನ್ ಶುಲ್ಕ ಹಿಡಿಯುವುದನ್ನು ಪ್ರಶ್ನಿಸಿ ಅವರು ಆದೇಶ ಹೊರಡಿಸಿ, ಫೆಡರಲ್ ಕೋರ್ಟ್‌ಗೂ ಹೋಗಿದ್ದರು. ಈ ಮೊಕದ್ದಮೆ ಹೂಡುವ ಹಕ್ಕು ಗವರ್ನರ್‌ಗೆ ಇಲ್ಲ ಎಂದು ಕೋರ್ಟ್ ಹೇಳಿತು. ಅವರ ಜಾಗಕ್ಕೆ ಮಾರ್ಕ್ ಜೇನಸ್ ಎಂಬ ರಾಜ್ಯ ನೌಕರ ಬಂದರು. ತಿಂಗಳಿಗೆ ಸುಮಾರು 45 ಡಾಲರ್ ಕಡಿತವಾಗುತ್ತಿತ್ತು ಅವರಿಗೆ. 2018ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಜೇನಸ್ ಪರ ತೀರ್ಪು ಕೊಟ್ಟಿತು. 1977ರಿಂದ ನಡೆದುಬಂದ ಪದ್ಧತಿ ಇಡೀ ದೇಶದ ಸರ್ಕಾರಿ ನೌಕರಿಯಲ್ಲಿ ಒಂದೇ ದಿನದಲ್ಲಿ ಮುಗಿಯಿತು. ಒಂದು ರಾಜ್ಯದಲ್ಲಿ ಪಟ್ಟಿಯ ಒಂದು ಸಾಲನ್ನೂ ಪಾಸು ಮಾಡಿಸಲಾಗದ ಗವರ್ನರ್, ಐವತ್ತೂ ರಾಜ್ಯಗಳ ನಿಯಮ ಬದಲಾಗಲು ಕಾರಣರಾದರು.

ಚುನಾವಣೆ ಸೋತ ಮೇಲೆ ರೌನರ್ ಫ್ಲಾರಿಡಾಕ್ಕೆ ಹೋಗಿ ನೆಲೆಸಿದರು. ಮ್ಯಾಡಿಗನ್ 2021ರ ಜನವರಿಯಲ್ಲಿ ಸ್ಪೀಕರ್ ಹುದ್ದೆ ಕಳೆದುಕೊಂಡರು. ಲಂಚದ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ಅಪರಾಧಿ ಎಂದಾಗಿ, ಜೂನ್‌ನಲ್ಲಿ ಏಳೂವರೆ ವರ್ಷ ಜೈಲು ಶಿಕ್ಷೆ ಬಿತ್ತು. ಅವರ ಬಗ್ಗೆ ರೌನರ್ ಹೇಳುತ್ತಿದ್ದದ್ದರಲ್ಲಿ ಬಹಳಷ್ಟನ್ನು ಕೋರ್ಟ್ ಒಪ್ಪಿದ ಹಾಗಾಯಿತು. ಅದಕ್ಕೆ ಬೇಕಾದದ್ದು ತನಿಖಾಧಿಕಾರಿಗಳು, ಗುಪ್ತ ರೆಕಾರ್ಡಿಂಗ್‌ಗಳು, ಹಲವು ವರ್ಷಗಳ ತಾಳ್ಮೆ. ಬಜೆಟ್ ತಡೆದು ಅದನ್ನು ಸಾಧಿಸಲು ಆಗುತ್ತಿರಲಿಲ್ಲ.

ರೌನರ್ ವೀಟೊ ಹಾಕಿದ್ದ ಶೇ 4.95ರ ತೆರಿಗೆ ಹಾಗೇ ಉಳಿಯಿತು. ಬಡವರಿಗೂ ಶ್ರೀಮಂತರಿಗೂ ಒಂದೇ ದರ ಇರಬೇಕೆಂದು ರಾಜ್ಯದ ಸಂವಿಧಾನ ಹೇಳುತ್ತದೆ. ಶ್ರೀಮಂತರಿಗೆ ಜಾಸ್ತಿ ದರ ಹಾಕಲು ಸಂವಿಧಾನ ತಿದ್ದೋಣ ಎಂದು ಪ್ರಿಟ್ಸ್ಕರ್ 2020ರಲ್ಲಿ ಕೋಟಿಗಟ್ಟಲೆ ಸ್ವಂತ ದುಡ್ಡು ಸುರಿದು ಪ್ರಚಾರ ಮಾಡಿದರು. ರೌನರ್‌ಗೆ ಹಿಂದೆ 2 ಕೋಟಿ ಡಾಲರ್ ದೇಣಿಗೆ ಕೊಟ್ಟಿದ್ದ ಹೂಡಿಕೆದಾರ ಕೆನ್ ಗ್ರಿಫಿನ್ ಅದರ ವಿರುದ್ಧ ಅಷ್ಟೇ ಧಾರಾಳವಾಗಿ ಸುರಿದರು. ಆ ನವೆಂಬರ್‌ನಲ್ಲಿ ಮತದಾರರು ತಿದ್ದುಪಡಿ ಬೇಡ ಎಂದರು.